1974ರ ನೆರೆ ಕಂಡ ಮಕ್ಕಳು ಈಗ ಅಜ್ಜಿಯರು: ಜಿಲ್ಲಾಧಿಕಾರಿಯವರಿಗೂ ಪತ್ರಾಗಾರಕ್ಕೂ ಒಂದು ಬಹಿರಂಗ ಪತ್ರ

ದಕ್ಷಿಣ ಕನ್ನಡ ಜಿಲ್ಲಾಧಿಕಾರಿಯವರಿಗೆ, ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯ ನಿರ್ದೇಶಕರಿಗೆ, ನೇತ್ರಾವತಿ–ಕುಮಾರಧಾರಾ ತೀರದ ಗ್ರಾಮ ಪಂಚಾಯತ್‌ಗಳಿಗೆ ಮತ್ತು ಅಲ್ಲಿನ ಮನೆಮಂದಿಗೆ,

ಮಾನ್ಯರೇ,

1974ರ ಜುಲೈ ಕೊನೆಯಲ್ಲಿ ನೇತ್ರಾವತಿ ಉಕ್ಕಿ ಉಪ್ಪಿನಂಗಡಿ, ಬಂಟ್ವಾಳ, ಪಾಣೆಮಂಗಳೂರಿನ ಮನೆ ತೋಟಗಳಿಗೆ ನುಗ್ಗಿದಾಗ ಏಳೆಂಟು ವರ್ಷದವರಾಗಿದ್ದ ಹೆಣ್ಣುಮಕ್ಕಳು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ಮೊಮ್ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದಾರೆ. ಅಂದು ಅವರನ್ನು ಗುಡ್ಡೆಗೆ ಹತ್ತಿಸಿದ ಮನೆಯ ಹಿರಿಯಳು ಎಷ್ಟೋ ಕಡೆ 1923ರ ಆಗಸ್ಟಿನ ಮಹಾನೆರೆಯನ್ನು, ಊರವರು ಮಾರಿಬೊಳ್ಳ ಎನ್ನುವುದನ್ನು, ತಾನೇ ಬಾಲ್ಯದಲ್ಲಿ ಕಂಡವಳು. ನೀರು ಅಂಗಳಕ್ಕೆ ಬರುವ ಮೊದಲೇ ದನಗಳ ಹಗ್ಗ ಬಿಚ್ಚಬೇಕು, ಮಣ್ಣಿನ ಗೋಡೆಯ ಮನೆಯಲ್ಲಿ ನೀರಿಳಿದ ಮೇಲೂ ಮಲಗಬಾರದು ಎಂಬ ಎಚ್ಚರ ಅವಳಿಂದ ಬಂದದ್ದು. ಹೀಗೆ ಎರಡು ನೆರೆಗಳ ನೆನಪು ಇವತ್ತು ಒಬ್ಬಳೇ ಅಜ್ಜಿಯ ಬಾಯಲ್ಲಿ ಉಳಿದಿದೆ.

ನದಿ ತೀರದ ಮನೆಗಳ ವಂಶಾವಳಿ, ಹಳೆಯ ಕಾಗದಪತ್ರ ಹುಡುಕಿ ಜೋಡಿಸುವ ಕೆಲಸದಲ್ಲಿರುವ ನಾವು ಈ ಪತ್ರ ಬರೆಯಲು ಕಾರಣ ಸರಳ. ಅಜ್ಜಿಯ ಮಾತಿಗೂ ಕಚೇರಿಯ ಕಡತಕ್ಕೂ ಗಂಟು ಹಾಕುವುದು ಈಗ ಸಾಧ್ಯ, ಮುಂದೆ ಸಾಧ್ಯವಿಲ್ಲ. ಕಡತವಿಲ್ಲದ ಮಾತನ್ನು ಕಥೆ ಎಂದು ಬದಿಗಿಡುತ್ತಾರೆ. ಮಾತಿಲ್ಲದ ಕಡತದಲ್ಲಿ ಇರುವ ‘ಲಕ್ಷ್ಮಿ ಕೋಂ (ಹೆಂಡತಿ) ಇಂಥವರು’ ಯಾವ ಮನೆಯವಳೆಂದು ಯಾರಿಗೂ ತಿಳಿಯುವುದಿಲ್ಲ. ಎರಡನ್ನೂ ಒಂದೇ ಸಲಕ್ಕೆ ಹಿಡಿಯಬೇಕು. ಸ್ಮಾರಕ ಕಟ್ಟುವ, ವೇದಿಕೆ ಹಾಕಿ ಹಿರಿಯರಿಗೆ ಶಾಲು ಹೊದಿಸುವ ಕಾರ್ಯಕ್ರಮ ಯಾರೂ ಕೇಳಿಲ್ಲ. ಅದರ ಖರ್ಚಿನಲ್ಲಿ ನಾಲ್ಕು ರೆಕಾರ್ಡ್ ರೂಮುಗಳ ಪಟ್ಟಿ ತಯಾರಾಗುತ್ತದೆ.

ಮೊದಲು ಎಲ್ಲಕ್ಕಿಂತ ಮುಖ್ಯವಾದ ಕಡತದ ಮಾತು. ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದು ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದ್ದು 1974ರ ಮಾರ್ಚ್ 1ರಂದು. ಉಳುವವನು ಫಾರಂ ನಂಬರ್ 7ರಲ್ಲಿ ಡಿಕ್ಲರೇಶನ್ ಕೊಟ್ಟು, ತಾನು ಗೇಣಿದಾರನೆಂದು ಭೂನ್ಯಾಯ ಮಂಡಳಿಯ ಮುಂದೆ ತೋರಿಸಬೇಕಿತ್ತು. ಅದಾಗಿ ಐದೇ ತಿಂಗಳಿಗೆ ನೆರೆ ಬಂತು. ಅಂದರೆ ಚಾಲಗೇಣಿ ಚೀಟು (ಗೇಣಿಯ ಕರಾರುಪತ್ರ), ಗೇಣಿ ಕೊಟ್ಟ ರಶೀದಿ ಇವುಗಳಿಗೆ ಜೀವಮಾನದಲ್ಲೇ ಹೆಚ್ಚು ಬೆಲೆ ಬಂದ ವರ್ಷದಲ್ಲೇ ನದಿ ಬದಿಯ ಮನೆಗಳ ಮರದ ಪೆಟ್ಟಿಗೆಗಳು ನೀರಿಗೆ ಹೋದವು. ಅರ್ಜಿಯ ಗಡುವನ್ನು ಹಲವು ಸಲ ಮುಂದೂಡಿ ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿದ್ದರಿಂದ ಅರ್ಜಿ ಹಾಕಲು ಸಮಯವೇನೋ ಸಿಕ್ಕಿತು, ಆದರೆ ಕೈಯಲ್ಲಿ ಕಾಗದವಿಲ್ಲದವರು ಪಹಣಿಯಲ್ಲಿ ಉಳುವವರ ಹೆಸರು ಬರೆಯುವ 12(2) ಕಲಮನ್ನೂ ನೆರೆಮನೆಯವರ ಸಾಕ್ಷಿಯನ್ನೂ ನಂಬಿಕೊಂಡು ನಿಲ್ಲಬೇಕಾಯಿತು. ಆ ಕಲಮಿನಲ್ಲಿ ಶ್ಯಾನುಭೋಗರು ಒಡೆಯರ ಹೆಸರಿನ ಮುಂದೆ ‘ಸ್ವಂತ’ ಎಂದು ಬರೆದುಬಿಟ್ಟಿದ್ದರೆ ಗೇಣಿದಾರನ ಸ್ಥಿತಿ ಏನು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕುಟುಂಬದ ಚರಿತ್ರೆ ಹುಡುಕುವವರಿಗೆ ಈ ಕಡತಗಳೇ ನಿಧಿ. ಮಂಡಳಿಯ ಮುಂದೆ ಆಗ ವಕೀಲರಿಗೆ ಅವಕಾಶವಿರಲಿಲ್ಲ. ಹಾಗಾಗಿ ಅರ್ಜಿದಾರನೂ ಸಾಕ್ಷಿಗಳೂ ಹೇಳಿದ್ದು ಗುಮಾಸ್ತರ ಕೈಬರಹದಲ್ಲಿ ಹೆಚ್ಚುಕಡಿಮೆ ಅವರ ಮಾತಿನಂತೆಯೇ ಇಳಿದಿದೆ: ಯಾರ ಕಾಲದಿಂದ ಕೂತಿದ್ದೇವೆ, ವರ್ಷಕ್ಕೆ ಎಷ್ಟು ಮುಡಿ ಗೇಣಿ, ಮನೆ ಎಲ್ಲಿತ್ತು, ನೆರೆಗೆ ಹೋದ ಮೇಲೆ ಎಲ್ಲಿ ಕಟ್ಟಿದೆವು. ‘ನಮ್ಮ ಅಜ್ಜಿ ಕೆಳಗಿನ ಮನೆ ಬಿಟ್ಟು ಗುಡ್ಡೆಗೆ ಬಂದವಳು’ ಎಂಬ ಒಂದು ಮಾತಿಗೆ ಸರ್ವೆ ನಂಬರ್, ಹಿಸ್ಸಾ, ವರ್ಷ ಮೂರೂ ಸಿಗುವ ಜಾಗ ಇದೊಂದೇ. ಅರ್ಜಿ ಮಂಜೂರಾಗಿದ್ದರೆ ಮನೆಯಲ್ಲಿ ಫಾರಂ ನಂಬರ್ 10, ಅಂದರೆ ಅಧಿಭೋಗದ ಹಕ್ಕಿನ ಪ್ರಮಾಣಪತ್ರ, ಇರುತ್ತದೆ. ಅದರ ಮೇಲಿನ ಕೇಸ್ ನಂಬರ್ ಹಿಡಿದು ತಾಲೂಕು ಕಚೇರಿಯಲ್ಲಿ ಪೂರ್ತಿ ಕಡತದ ನಕಲು ಕೇಳಬೇಕು. ಆದೇಶದ ನಕಲು ಮಾತ್ರ ತಂದು ಸುಮ್ಮನಾಗುವವರೇ ಹೆಚ್ಚು. ಆದೇಶ ಎರಡು ಪುಟ, ಅದರಲ್ಲಿ ಏನೂ ಇರುವುದಿಲ್ಲ; ಹೇಳಿಕೆಗಳ ಹಾಳೆ ಬೇಕು. ಅರ್ಜಿ ವಜಾ ಆದ ಮನೆಗಳಲ್ಲಿ ಫಾರಂ 10 ಇರುವುದಿಲ್ಲವಲ್ಲ, ಅಂಥವರು ಗ್ರಾಮವಾರು ರಿಜಿಸ್ಟರಿನಲ್ಲಿ ಸರ್ವೆ ನಂಬರ್ ಹಿಡಿದು ಹುಡುಕಬೇಕು. ನಮ್ಮ ಮಟ್ಟಿಗೆ ವಜಾ ಆದ ಕಡತಗಳೇ ಹೆಚ್ಚು ಮುಖ್ಯ, ಏಕೆಂದರೆ ಸೋತವರ ಮನೆಯಲ್ಲಿ ಬೇರೆ ಯಾವ ಕಾಗದವೂ ಉಳಿದಿಲ್ಲ.

ಗೇಣಿ ಚೀಟು ನೀರಿಗೆ ಹೋದರೂ ಅದರ ಇನ್ನೊಂದು ತುದಿ ಎಲ್ಲೋ ಒಣಗಿಕೊಂಡೇ ಇರಬಹುದು. ಚೀಟು ನೋಂದಣಿಯಾಗಿದ್ದರೆ ಉಪನೋಂದಣಿ ಕಚೇರಿಯ ಪುಸ್ತಕದಲ್ಲಿ ಅದರ ಪ್ರತಿ ಇದೆ. ಆಗದಿದ್ದರೆ ವರ್ಗದಾರರ (ಜಮೀನಿನ ಒಡೆಯರ) ಮನೆಯ ಗೇಣಿ ಲೆಕ್ಕದ ಪುಸ್ತಕ ನೋಡಬೇಕು. ಒಡೆಯ ದೇವಸ್ಥಾನವಾಗಿದ್ದರೆ ಇನ್ನೂ ಅನುಕೂಲ, ದೇವಸ್ಥಾನದ ಲೆಕ್ಕಪತ್ರ ಅಷ್ಟು ಸುಲಭಕ್ಕೆ ಬಿಸಾಡಿರುವುದಿಲ್ಲ. ಅಲ್ಲಿ 1974ರ ನಂತರದ ಸಾಲಿನಲ್ಲಿ ‘ನೆರೆಯಿಂದ ಫಸಲು ನಷ್ಟ, ಗೇಣಿ ಬಾಕಿ’ ಎಂಬ ಷರಾ ಇದೆಯೇ ನೋಡಿ. ಅಂಥ ಒಂದು ಷರಾ ಸಿಕ್ಕರೆ ಅಜ್ಜಿ ಹೇಳುವ ವರ್ಷಕ್ಕೆ ಬೇರೆ ಆಧಾರವೇ ಬೇಡ. ಲೆಕ್ಕ ಓದುವಾಗ ಅಳತೆ ಗೊತ್ತಿರಲಿ: ಮುಡಿಗೆ ಮೂರು ಕಳಸೆ, ಕಳಸೆಗೆ ಹದಿನಾಲ್ಕು ಸೇರು.

ಈ ಭಾಗದ ಕುಟುಂಬಗಳಿಗೆ ಇನ್ನೊಂದು ಅನುಕೂಲವಿದೆ, ಬೇರೆ ಜಿಲ್ಲೆಯವರಿಗೆ ಇಲ್ಲದ್ದು. ಅಳಿಯಸಂತಾನದ ಮನೆಗಳಲ್ಲಿ ವಂಶ ಎಣಿಸುವುದೇ ಹೆಂಗಸಿನಿಂದ. 1949ರ ಮದರಾಸು ಅಳಿಯಸಂತಾನ ಕಾಯಿದೆ ಪಾಲು ಕೇಳುವ ಹಕ್ಕು ಕೊಟ್ಟ ಮೇಲೆ ಆದ ವಿಭಾಗ ಪತ್ರಗಳಲ್ಲಿ ಪ್ರತಿ ಕವರಿನ (ಕುಟುಂಬದ ಕವಲಿನ) ಹೆಂಗಸರು, ಮಕ್ಕಳು, ಎದೆಹಾಲು ಕುಡಿಯುವ ಕೂಸು ಸಹಿತ ಹೆಸರು ವಯಸ್ಸುಗಳೊಂದಿಗೆ ನಮೂದಾಗಿದ್ದಾರೆ. 1950ರ ದಶಕದ ಒಂದು ವಿಭಾಗ ಪತ್ರದಲ್ಲಿ ‘ವಯಸ್ಸು 40’ ಎಂದಿರುವ ಹೆಂಗಸು ಮಾರಿಬೊಳ್ಳದ ವರ್ಷ ಹತ್ತರ ಆಸುಪಾಸಿನ ಹುಡುಗಿ. ಅವಳ ಜೊತೆ ಹುಟ್ಟಿದವರ ಸಾಲಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಎಂಟೋ ಹತ್ತೋ ವರ್ಷದ ಬಿಡುವು ಕಂಡರೆ ನಡುವಿನ ಮಕ್ಕಳು ಏನಾದರು ಎಂದು ಕೇಳಬೇಕು. ಉತ್ತರ ಯಾವಾಗಲೂ ನೆರೆಯೇ ಆಗಿರಬೇಕಿಲ್ಲ. ಅಂದಿನ ಕಾಲದಲ್ಲಿ ಜ್ವರವೂ ಹೆರಿಗೆಯೂ ಬೇಕಷ್ಟು ಜೀವ ತೆಗೆದಿವೆ. ಆದರೆ ಕೇಳದೆ ಅಜ್ಜಿ ತಾನಾಗಿ ಹೇಳುವುದಿಲ್ಲ.

ಮಾನ್ಯ ಜಿಲ್ಲಾಧಿಕಾರಿಯವರೇ, ತಾಲೂಕು ಕಚೇರಿಗಳ ಹಳೆಯ ಭೂದಾಖಲೆಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡಿಸುವ ಕೆಲಸ ನಡೆಯುತ್ತಿದೆ. ಒಳ್ಳೆಯದೇ. ಆದರೆ ಸ್ಕ್ಯಾನ್ ಮಾಡಿದ ಕಡತ ಸಿಗುವುದು ಅದಕ್ಕೆ ಬರೆದ ಸೂಚಿಯಿಂದ. ಗ್ರಾಮ, ಸರ್ವೆ ನಂಬರ್, ಅರ್ಜಿದಾರನ ಹೆಸರು ಇಷ್ಟೇ ಹಾಕಿದರೆ ಹೆಂಗಸರು ಮರೆಯಾಗುತ್ತಾರೆ. ಇನ್ನೆರಡು ಕಲಮು ಸೇರಿಸಿ: ಮನೆ ಹೆಸರು ಮತ್ತು ತಾಯಿಯ ಹೆಸರು. ಒಂದೇ ಗ್ರಾಮದಲ್ಲಿ ಒಂದೇ ಹೆಸರಿನ ನಾಲ್ಕು ಹೆಂಗಸರು ಇರುವುದು ಇಲ್ಲಿ ಮಾಮೂಲು. ಅವರನ್ನು ಬೇರೆ ಮಾಡುವುದು ಮನೆ ಹೆಸರು. ‘ಬಿನ್’ (ಮಗ), ‘ಕೋಂ’ ಎಂಬ ಎರಡೇ ಖಾನೆಗೆ ಅಳಿಯಸಂತಾನದ ಮನೆಯನ್ನು ತುರುಕಿದರೆ ಅರ್ಧ ಸಂಬಂಧಗಳು ಕಳಚಿಹೋಗುತ್ತವೆ.

ಎರಡನೆಯ ಕೋರಿಕೆ ಇನ್ನೂ ತುರ್ತಿನದು. ನೆರೆ ಪರಿಹಾರದ ಕಡತ ಭೂದಾಖಲೆಯಲ್ಲ. ಮನೆ ಕುಸಿತದ ಮಹಜರು, ಅಕ್ಕಿ–ಬಟ್ಟೆ ಹಂಚಿದ ಪಟ್ಟಿ, ಗಂಜಿ ಕೇಂದ್ರದ ಖರ್ಚಿನ ಚೀಟಿ, ಗ್ರಾಮಕರಣಿಕರ ವರದಿ ಇವೆಲ್ಲ ಕಾಯಂ ಆಗಿ ಇಡಬೇಕಾದ ವರ್ಗಕ್ಕೆ ಸೇರಿದವಲ್ಲವೆಂದು, ಜಾಗ ಖಾಲಿ ಮಾಡುವ ದಿನ ಮೊದಲು ಹೊರಬೀಳುವ ಕಟ್ಟುಗಳು. ಉಳಿದಿರುವುದು ಎಷ್ಟೋ, ಉಳಿದಷ್ಟಕ್ಕೆ ತಡೆ ಹಾಕಿ. 1974–75 ಮತ್ತು 1975–76ರ ಪರಿಹಾರ, ದರ್ಖಾಸು (ಸರ್ಕಾರಿ ಜಾಗಕ್ಕೆ ಅರ್ಜಿ), ನಿವೇಶನ ಹಂಚಿಕೆಯ ಯಾವ ಕಟ್ಟನ್ನೂ ಪಟ್ಟಿ ಮಾಡದೆ ವಿಲೇವಾರಿ ಮಾಡಬಾರದೆಂದು ಒಂದು ಸುತ್ತೋಲೆ ಸಾಕು. ಪಟ್ಟಿ ಎಂದರೆ ದೊಡ್ಡ ಕೆಲಸವಲ್ಲ: ಕಟ್ಟಿನ ನಂಬರ್, ಗ್ರಾಮ, ವಿಷಯ ಒಂದು ಸಾಲಿನಲ್ಲಿ, ಹಾಳೆಗಳ ಸಂಖ್ಯೆ. ದರ್ಖಾಸು ಏಕೆ ಎಂದರೆ, ಬೈಲಿನಿಂದ ಗುಡ್ಡೆಗೆ ಹೋದ ಮನೆಗಳು ಮೊದಲು ಕುಮ್ಕಿಯಲ್ಲೋ (ವರ್ಗ ಜಮೀನಿಗೆ ತಾಗಿದ, ಒಡೆಯರಿಗೆ ಬಳಕೆಯ ಹಕ್ಕಿದ್ದ ಸರ್ಕಾರಿ ಜಾಗ) ಬೇರೆ ಸರ್ಕಾರಿ ಜಾಗದಲ್ಲೋ ಗುಡಿಸಲು ಹಾಕಿ, ವರ್ಷಗಳ ನಂತರ ಅದನ್ನು ಸಕ್ರಮ ಮಾಡಿಸಿಕೊಂಡವು. ಆ ಅರ್ಜಿಯಲ್ಲಿ ‘ಎಷ್ಟು ವರ್ಷದಿಂದ ಸ್ವಾಧೀನ’ ಎಂಬ ಪ್ರಶ್ನೆಯ ಉತ್ತರವೇ ಮನೆ ಬದಲಾದ ವರ್ಷ.

1923ರದ್ದು ಬೇರೆ ದಾರಿ. ಆಗ ಇದು ಮದರಾಸು ಪ್ರಾಂತದ ಸೌತ್ ಕೆನರಾ ಜಿಲ್ಲೆ; ಇಂದಿನ ಕರ್ನಾಟಕಕ್ಕೆ (ಆಗ ಮೈಸೂರು ರಾಜ್ಯ) ಸೇರಿದ್ದು 1956ರ ನವೆಂಬರ್ 1ಕ್ಕೆ. ಆದ್ದರಿಂದ ಮಾರಿಬೊಳ್ಳದ ಬಗ್ಗೆ ಕಲೆಕ್ಟರರು ಬರೆದದ್ದು, ಸರ್ಕಾರ ಆದೇಶ ಹೊರಡಿಸಿದ್ದು ಏನಿದ್ದರೂ ಹುಡುಕಬೇಕಾದದ್ದು ಬೆಂಗಳೂರಿನಲ್ಲಲ್ಲ, ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ, ಕಂದಾಯ ಇಲಾಖೆಯ 1923 ಮತ್ತು 1924ರ ಸರ್ಕಾರಿ ಆದೇಶಗಳ ಸೂಚಿಯಲ್ಲಿ. ಅಲ್ಲಿ ‘ಮ್ಯಾಂಗಲೋರ್’, ‘ಬಂಟ್ವಾಲ್’, ‘ಪಾನೆ ಮ್ಯಾಂಗಲೋರ್’ ಎಂಬ ಇಂಗ್ಲಿಷ್ ಕಾಗುಣಿತಗಳು ಒಂದೇ ರೀತಿ ಇರುವುದಿಲ್ಲ; ಊರಿನ ಹೆಸರಿಗಿಂತ ‘ಫ್ಲಡ್ಸ್’ ಎಂಬ ವಿಷಯದ ಅಡಿ ಹುಡುಕುವುದು ಲೇಸು. ನದಿ ಬದಿಯ ಒಬ್ಬ ಮೊಮ್ಮಗಳು ಇದಕ್ಕಾಗಿ ಚೆನ್ನೈಗೆ ಹೋಗಿ ವಾರ ಕೂರಲಾರಳು. ಪತ್ರಾಗಾರದ ನಿರ್ದೇಶಕರೇ, ಎರಡು ರಾಜ್ಯಗಳ ಪತ್ರಾಗಾರಗಳ ನಡುವೆ ಒಂದು ಪತ್ರ ಓಡಾಡಿದರೆ ಆ ಎರಡು ವರ್ಷಗಳ ಸಂಬಂಧಪಟ್ಟ ಆದೇಶಗಳ ನಕಲು ಮಂಗಳೂರಿಗೆ ಬರುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದದ್ದರಿಂದ ಅತ್ತ ಮದುವೆಯಾಗಿ ಹೋದ ಹೆಣ್ಣುಮಕ್ಕಳ ದಾಖಲೆ ಮೂರನೆಯ ರಾಜ್ಯದಲ್ಲಿದೆ ಎಂಬುದನ್ನೂ ನೆನಪಿನಲ್ಲಿಡಿ.

ಬಾಸೆಲ್ ಮಿಷನ್ನಿನ ವಾರ್ಷಿಕ ವರದಿಗಳಲ್ಲಿ 1923ರ ನೆರೆ ಸಿಗಬಹುದೆಂದು ಹುಡುಕಿ ಸುಸ್ತಾಗುವವರಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಆ ಮಿಷನರಿಗಳು ಇಲ್ಲಿಂದ ಹೊರಬಿದ್ದಿದ್ದರು, ಹೆಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಗಿದ್ದವು. ಕಥೋಲಿಕ ಮನೆಗಳವರು ಮಾತ್ರ ಅದೃಷ್ಟವಂತರು: ಇಗರ್ಜಿಯ (ಚರ್ಚಿನ) ಜ್ಞಾನಸ್ನಾನ ಮತ್ತು ಮರಣದ ಪುಸ್ತಕಗಳು ದಿನಾಂಕ ಸಹಿತ ಸಿಗುತ್ತವೆ.

ಇನ್ನು ಪತ್ರದ ಉಳಿದ ಭಾಗ ಮನೆಮಂದಿಗೆ.

ಅಜ್ಜಿಯನ್ನು ‘ಯಾವ ಇಸವಿ?’ ಎಂದು ಕೇಳಬೇಡಿ. ‘ಆಟಿಯಾ ಸೋಣವಾ (ಮಳೆಗಾಲದ ತುಳು ತಿಂಗಳುಗಳು)? ನೇಜಿ (ಭತ್ತದ ಸಸಿ) ನೆಟ್ಟಾಗಿತ್ತಾ? ನಿಮ್ಮ ಮುಂದಿನ ಹಲ್ಲು ಬಿದ್ದಿತ್ತಾ? ಸೊಂಟದಲ್ಲಿ ತಮ್ಮನನ್ನು ಎತ್ತಿಕೊಳ್ಳುತ್ತಿದ್ದಿರಾ?’ ಎಂದು ಕೇಳಿ. ಮುಂದಿನ ಹಾಲುಹಲ್ಲು ಬೀಳುವುದು ಸಾಮಾನ್ಯವಾಗಿ ಆರೇಳು ವರ್ಷಕ್ಕೆ. ಇದು ಆಧಾರ್ ಕಾರ್ಡಿನ ಜನ್ಮದಿನಕ್ಕಿಂತ ನಂಬಲರ್ಹ. ಕಾರ್ಡಿನ ದಿನಾಂಕ ಬಂದದ್ದು ಶಾಲೆಯಿಂದ, ಶಾಲೆಯದ್ದು ಬಂದದ್ದು ಅಂದಿನ ಮಾಷ್ಟ್ರು ಮಗುವಿನ ಎತ್ತರ ನೋಡಿ, ಸೇರಿಸಿಕೊಳ್ಳುವ ವಯಸ್ಸಿಗೆ ಹೊಂದಿಸಿ ಬರೆದುಕೊಂಡದ್ದರಿಂದ. ಜೂನ್ ತಿಂಗಳಲ್ಲೇ ಊರಿನ ಅರ್ಧ ಮಕ್ಕಳು ಹುಟ್ಟಿದಂತೆ ಕಾಣುವುದು ಅದಕ್ಕೇ. ಒಂದೆರಡು ವರ್ಷ ಆಚೀಚೆ ಎಂದೇ ಲೆಕ್ಕ ಹಿಡಿಯಿರಿ.

ಎರಡೂ ನೆರೆ ಬಂದದ್ದು ಆಟಿಯಲ್ಲೇ ಆದ್ದರಿಂದ ತಿಂಗಳೊಂದೇ ಹಿಡಿದರೆ ಎರಡೂ ಕಲಸಿಹೋಗುತ್ತವೆ. ಹಳೆಯ ಜಾತಕ, ಪಂಚಾಂಗದ ಅಂಚಿನ ಬರಹ ಇದ್ದರೆ ಸಂವತ್ಸರ ನೋಡಿ: 1923ರ ಆಗಸ್ಟ್ ರುಧಿರೋದ್ಗಾರಿ, 1974ರ ಜುಲೈ ಆನಂದ. ಸಂವತ್ಸರ ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ‘ಆನಂದ’ ಎಂದರೆ 1914–15 ಕೂಡ ಆಗಬಹುದು, ಎಚ್ಚರ.

ಅದಕ್ಕಿಂತ ದೊಡ್ಡ ತೊಡಕು ಕಿವಿಯಿಂದ ಬಂದ ನೆನಪು. 1974ರ ಹುಡುಗಿಗೆ ಗುಡ್ಡೆಯ ಮನೆಯಲ್ಲಿ ಆ ರಾತ್ರಿಗಳನ್ನು ಕಳೆಯುವಾಗ ಅವಳ ಅಜ್ಜಿ ಮಾರಿಬೊಳ್ಳದ ಕಥೆ ಹೇಳಿರುತ್ತಾಳೆ. ಈಗ ಹೇಳುವಾಗ ಎರಡೂ ಒಂದೇ ನೀರಾಗಿ ಬರುತ್ತವೆ. ಸುಳ್ಳು ಎಂದಲ್ಲ, ಬಿಡಿಸಬೇಕು ಅಷ್ಟೆ. ಬಿಡಿಸಲು ವಾದ ಮಾಡುವುದು ಬೇಡ, ವಸ್ತುಗಳನ್ನು ಕೇಳಿ. ಮಾತಿನಲ್ಲಿ ಟಾರ್ಚು, ರೇಡಿಯೊ, ಬಸ್ಸು, ಪ್ಲಾಸ್ಟಿಕ್ ಕೊಡ ಬಂದರೆ ಅದು 1974. ಬರೀ ಸೂಟೆಯ (ಒಣ ತೆಂಗಿನ ಗರಿಯ ಪಂಜಿನ) ಬೆಳಕು, ಮುಳಿಹುಲ್ಲಿನ ಮಾಡು ತೇಲಿಹೋದದ್ದು ಬಂದರೆ ಹಿಂದಿನದಿರಬಹುದು. ಮಾಡಿನ ಮಾತು ಮಾತ್ರ ಪೂರ್ತಿ ನಂಬಬೇಡಿ: ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ, ಹಾಗಾಗಿ 1923ಕ್ಕೆ ಅನುಕೂಲಸ್ಥರ ಮನೆಗೆ ಹೆಂಚು ಬಂದಾಗಿತ್ತು; ಬಡವರ ಮನೆಗೆ 1974ರಲ್ಲೂ ಮುಳಿ ಇತ್ತು. ‘ಇದು ನೀವು ಕಂಡದ್ದಾ, ಅಜ್ಜಿ ಹೇಳಿದ್ದಾ?’ ಎಂದು ನೇರವಾಗಿ ಒಮ್ಮೆ ಕೇಳಿ. ಹೆಚ್ಚಿನವರು ಪ್ರಾಮಾಣಿಕವಾಗಿ ಹೇಳುತ್ತಾರೆ.

ನೀರಿನ ಎತ್ತರದ ವಿಷಯದಲ್ಲಿ ಮಗುವಿನ ನೆನಪು ಯಾವಾಗಲೂ ಎತ್ತರವಾಗಿಯೇ ಇರುತ್ತದೆ. ಏಳು ವರ್ಷದ ಮಗುವಿನ ತಲೆ ನಾಲ್ಕು ಅಡಿಯೂ ಇರುವುದಿಲ್ಲ. ಅವಳಿಗೆ ‘ತಲೆ ಮುಳುಗುವ ನೀರು’ ಅಪ್ಪನ ಎದೆಯಷ್ಟು. ಆದ್ದರಿಂದ ಅವಳ ಮೈಯಿಂದ ಅಳೆಯದೆ ಮನೆಯ ಭಾಗದಿಂದ ಅಳೆಯಿರಿ: ಜಗಲಿಗೆ ಬಂತಾ, ಹೊಸ್ತಿಲು ದಾಟಿತಾ, ಕಿಟಕಿಯ ಅಡಿಪಟ್ಟಿ ಮುಳುಗಿತಾ, ಅಟ್ಟದ ಏಣಿಯ ಎಷ್ಟನೇ ಮೆಟ್ಟಿಲು? ಇನ್ನೂ ಒಳ್ಳೆಯ ಅಳತೆಗೋಲು 2019ರ ಆಗಸ್ಟಿನ ನೆರೆ. ಅದರ ಮಟ್ಟ ಎಲ್ಲರ ಫೋನಿನಲ್ಲಿ ಫೋಟೊ ಆಗಿದೆ. ‘2019ಕ್ಕಿಂತ ಎಷ್ಟು ಮೇಲೆ?’ ಎಂದರೆ ಅಜ್ಜಿ ಗೋಡೆಯ ಮೇಲೆ ಕೈಯಿಟ್ಟೇ ತೋರಿಸುತ್ತಾರೆ. ಅಲ್ಲಿ ಪೆನ್ಸಿಲ್ ಗೆರೆ ಎಳೆದು, ನೆಲದಿಂದ ಟೇಪು ಹಿಡಿದು ಸೆಂಟಿಮೀಟರಿನಲ್ಲಿ ಬರೆದುಕೊಳ್ಳಿ.

ಗೋಡೆಯ ಗೆರೆ ಆ ಮನೆಗೆ ಮಾತ್ರ ಉಪಯೋಗ. ಅದನ್ನು ಊರಿಗೆ ಉಪಯೋಗವಾಗುವಂತೆ ಮಾಡಲು ಮೇಸ್ತ್ರಿಗಳ ಬಳಿಯಿರುವ ಲೆವೆಲ್ ಟ್ಯೂಬು ಸಾಕು. ನೀರು ತುಂಬಿದ ಪಾರದರ್ಶಕ ಟ್ಯೂಬಿನ ಒಂದು ತುದಿಯ ನೀರನ್ನು ಗೆರೆಗೆ ಹಿಡಿದರೆ ಇನ್ನೊಂದು ತುದಿಯ ನೀರು ಅದೇ ಮಟ್ಟದಲ್ಲಿ ನಿಲ್ಲುತ್ತದೆ. ಹಾಗೆ ಹಂತಹಂತವಾಗಿ ಹತ್ತಿರದ ಸೇತುವೆಯ ಕಟ್ಟೆಗೋ ಶಾಲೆಯ ಅಡಿಪಾಯಕ್ಕೋ ತಂದು ಗುರುತು ಹಾಕಿ. ಟ್ಯೂಬಿನೊಳಗೆ ಗಾಳಿಗುಳ್ಳೆ ಇದ್ದರೆ ಮಟ್ಟ ತಪ್ಪುತ್ತದೆ, ಎರಡೂ ತುದಿ ತೆರೆದಿಲ್ಲದಿದ್ದರೂ ತಪ್ಪುತ್ತದೆ. ಒಮ್ಮೆ ತಂದದ್ದನ್ನು ಹಿಂದಕ್ಕೆ ಒಯ್ದು ನೋಡಿ, ಎರಡು ಬೆರಳಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಮಾಡಿ. ಫೋನಿನ ಜಿಪಿಎಸ್ ಎತ್ತರ ತೋರಿಸುತ್ತದಲ್ಲ ಎಂದು ಅದನ್ನು ಬರೆದಿಡಬೇಡಿ. ಅದು ಒಂದು ಮಹಡಿಯಷ್ಟೂ ತಪ್ಪಬಹುದು.

ಎಲ್ಲಿಯ ಗುರುತು ಎಂಬುದೂ ಮುಖ್ಯ. ನೀರು ಬಂದ ದಿಕ್ಕಿಗೆ ಮುಖ ಮಾಡಿದ ಗೋಡೆಗೆ ಸೆಳೆತ ಬಡಿದು ನೀರು ನಿಜವಾದ ಮಟ್ಟಕ್ಕಿಂತ ಮೇಲೆ ಏರಿರುತ್ತದೆ. ಮರದ ಕೊಂಬೆಗೆ ಸಿಕ್ಕ ಕಸವೂ ಹಾಗೆಯೇ ಹೆಚ್ಚು ತೋರಿಸುತ್ತದೆ. ಚಾವಡಿಯ ಒಳಗೋಡೆಯ ಕೆಸರು ಗೆರೆಯೇ ಸರಿ, ಅಲ್ಲಿ ನೀರು ನಿಂತಿತ್ತು, ಹರಿಯುತ್ತಿರಲಿಲ್ಲ. ಉಳ್ಳಾಲದ ಕಡೆಯ ಮನೆಗಳಲ್ಲಿ ಸಮುದ್ರದ ಭರತದ ಹೊತ್ತಿಗೆ ಎಷ್ಟು, ಇಳಿತಕ್ಕೆ ಎಷ್ಟು ಎಂದು ಬೇರೆಬೇರೆ ಕೇಳಬೇಕಾಗುತ್ತದೆ.

ಮಳೆಯ ಲೆಕ್ಕದ ಜೊತೆ ತಾಳೆ ನೋಡುವವರಿಗೆ ಒಂದು ಸೂಚನೆ. ಮಳೆಮಾಪಕ ಓದುವುದು ಬೆಳಿಗ್ಗೆ 8.30ಕ್ಕೆ, ಹಿಂದಿನ 24 ಗಂಟೆಯ ಮಳೆ ಓದಿದ ದಿನದ ಹೆಸರಿನಲ್ಲಿ ದಾಖಲಾಗುತ್ತದೆ. ಅಜ್ಜಿ ಹೇಳುವ ‘ಗುರುವಾರ ರಾತ್ರಿಯ ಮಳೆ’ ರಿಜಿಸ್ಟರಿನಲ್ಲಿ ಶುಕ್ರವಾರದ್ದಾಗಿ ಕೂತಿರುತ್ತದೆ. ಎಷ್ಟೋ ಜನ ಇದನ್ನು ನೋಡಿ ಅಜ್ಜಿ ತಪ್ಪಿದರು ಎಂದು ತೀರ್ಮಾನಿಸಿಬಿಡುತ್ತಾರೆ. ಘಟ್ಟದ ಮೇಲೆ ಸುರಿದ ನೀರು ಬಂಟ್ವಾಳಕ್ಕೆ ಇಳಿಯಲು ಗಂಟೆಗಳೇ ಬೇಕು. ‘ಮಳೆ ಬಿಟ್ಟಿತ್ತು, ಆದರೂ ನೀರು ಏರಿತು’ ಎಂಬ ಮಾತು ಸರಿಯೇ. ‘ನೀರಿಳಿದ ಮೇಲೆ ಮನೆ ಬಿತ್ತು’ ಎಂಬುದೂ ಸರಿ. ನೆನೆದು ಮೆತ್ತಗಾದ ಮಣ್ಣಿನ ಗೋಡೆಯನ್ನು ಅಷ್ಟು ಹೊತ್ತು ಎರಡೂ ಬದಿಯಿಂದ ಒತ್ತಿ ಹಿಡಿದದ್ದು ನೀರೇ. ನೀರು ಹೋದಾಗ ಮಾಡಿನ ಭಾರ ಹೊರುವ ಶಕ್ತಿ ಗೋಡೆಗೆ ಇರುವುದಿಲ್ಲ.

ನೆರೆಯ ದಿನವಷ್ಟೇ ಕೇಳಿ ರೆಕಾರ್ಡಿಂಗ್ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಕುಟುಂಬದ ದಾರಿ ತಿರುಗಿದ್ದು ಆಮೇಲಿನ ಎರಡು ಮೂರು ವರ್ಷಗಳಲ್ಲಿ. ಯಾವ ಮಗುವನ್ನು ಯಾರ ಮನೆಗೆ ಬಿಟ್ಟರು? ಯಾವ ಅಕ್ಕನ ಮದುವೆ ಅವಸರದಲ್ಲಾಯಿತು? ಮರಳು ತುಂಬಿದ ಗದ್ದೆಯನ್ನು ಮತ್ತೆ ಮಾಡಿದರಾ, ಬಿಟ್ಟರಾ? ಸತ್ತ ಅಡಿಕೆ ಮರಗಳ ಬದಲು ಸಸಿಯಿಟ್ಟರೂ ಫಸಲಿಗೆ ಐದಾರು ವರ್ಷ ಬೇಕಲ್ಲ, ಅಲ್ಲಿಯವರೆಗೆ ಊಟ ಎಲ್ಲಿಂದ? ಬಹಳ ಮನೆಗಳಲ್ಲಿ ಈ ಕೊನೆಯ ಪ್ರಶ್ನೆಗೆ ಉತ್ತರ ಬೀಡಿ.

ಇದಕ್ಕೆ ಕಾಗದವಿದೆ. ಪ್ರಾಥಮಿಕ ಶಾಲೆಯ ದಾಖಲಾತಿ ರಿಜಿಸ್ಟರ್ ತೆರೆದು ಅಜ್ಜಿಯ ಹೆಸರಿನ ಸಾಲನ್ನು ಎಡದಿಂದ ಬಲಕ್ಕೆ ಪೂರ್ತಿ ಓದಿ. ಹುಟ್ಟಿದ ದಿನಾಂಕದ ಮೇಲೆ ನಂಬಿಕೆ ಬೇಡ ಎಂದೆವು. ಸೇರಿದ ದಿನಾಂಕ, ಬಿಟ್ಟ ದಿನಾಂಕ ನಿಜವಾದವು, ಮಾಷ್ಟ್ರು ಅಂದೇ ಬರೆದವು. ಬಲತುದಿಯಲ್ಲಿ ಶಾಲೆ ಬಿಟ್ಟ ಕಾರಣದ ಕಲಮು. ‘ದೀರ್ಘ ಗೈರುಹಾಜರಿ’ ಎಂದಷ್ಟೇ ಇದ್ದರೂ ದಿನಾಂಕ 1974ರ ಆಗಸ್ಟ್ ಮತ್ತು 1975ರ ಜೂನ್ ನಡುವೆ ಬಿದ್ದರೆ ಅದರ ಹಿಂದುಮುಂದಿನ ಇಪ್ಪತ್ತು ಸಾಲನ್ನೂ ನೋಡಿ. ಅದೇ ಅವಧಿಯಲ್ಲಿ ಬಿಟ್ಟವರಲ್ಲಿ ಹುಡುಗಿಯರೆಷ್ಟು, ಹುಡುಗರೆಷ್ಟು, ಯಾವ ಬೈಲಿನ ಮನೆಗಳವರು ಎಂದು ಎಣಿಸಿದರೆ ಒಬ್ಬ ಅಜ್ಜಿಯ ಕಥೆ ಒಂದು ಕೇರಿಯ ಚರಿತ್ರೆಯಾಗುತ್ತದೆ. ಪಕ್ಕದ ಗ್ರಾಮದ ಶಾಲೆಯ ರಿಜಿಸ್ಟರಿನಲ್ಲಿ ಅದೇ ಮಕ್ಕಳ ಹೆಸರು ‘ವರ್ಗಾವಣೆ’ ಆಗಿ ಕಂಡರೆ ಕುಟುಂಬ ಎಲ್ಲಿಗೆ ಹೋಯಿತೆಂದೂ ತಿಳಿಯಿತು. ಆಮೇಲೆ ಬೀಡಿ ಕಾರ್ಮಿಕರ ಗುರುತಿನ ಚೀಟಿ, ಪಿಎಫ್ ಕಾಗದ ಹುಡುಕಿ; ಕೆಲಸಕ್ಕೆ ಸೇರಿದ ದಿನ ಮತ್ತು ನಾಮಿನಿಯ ಹೆಸರು ಅದರಲ್ಲಿವೆ. ಹುಡುಗಿ ಬೀಡಿ ಕಟ್ಟಲು ಸೂಪು (ಮೊರ) ಹಿಡಿದದ್ದು ಚೀಟಿ ಕೈಗೆ ಬರುವುದಕ್ಕಿಂತ ವರ್ಷಗಳ ಮೊದಲೇ ಇರುತ್ತದೆ, ಏಕೆಂದರೆ ಮಕ್ಕಳು ಕಟ್ಟಿದ ಬೀಡಿ ಅಮ್ಮನ ಪುಸ್ತಕದಲ್ಲಿ ಜಮಾ ಆಗುತ್ತಿತ್ತು.

ಶಾಲಾ ಮುಖ್ಯೋಪಾಧ್ಯಾಯರಿಗೆ ವಿನಂತಿ: ಈ ರಿಜಿಸ್ಟರುಗಳು ಗೆದ್ದಲಿಗೂ ಮಳೆಗಾಲದ ತೇವಕ್ಕೂ ಬಲಿಯಾಗುತ್ತಿವೆ. ಹರಿದ ಪುಟಕ್ಕೆ ಸೆಲ್ಲೋಟೇಪು ಹಚ್ಚಬೇಡಿ, ಯಾವ ಹಳೆಯ ಕಾಗದವನ್ನೂ ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಶಾಯಿ ಕೆಡುತ್ತದೆ, ಒಳಗಿನ ತೇವ ಹೊರಹೋಗದೆ ಕಾಗದ ಕಪ್ಪಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪುಟಕ್ಕೆ ನೇರ ಮೇಲಿನಿಂದ ಫೋಟೊ ತೆಗೆದಿಟ್ಟರೆ ಮೊದಲ ಕೆಲಸ ಮುಗಿಯಿತು.

ರೆಕಾರ್ಡಿಂಗಿಗೆ ಫೋನು ಸಾಕು. ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನು ಆರಿಸಿ, ಅಜ್ಜಿಯ ಬಾಯಿಂದ ಒಂದು ಗೇಣು–ಒಂದೂವರೆ ಗೇಣು ದೂರದಲ್ಲಿ ಬಟ್ಟೆಯ ಮೇಲಿಡಿ. ತುಳು, ಕೊಂಕಣಿ, ಬ್ಯಾರಿ, ಹವ್ಯಕ ಯಾವುದರಲ್ಲಿ ಹೇಳುತ್ತಾರೋ ಅದರಲ್ಲೇ ಇರಲಿ, ಕನ್ನಡಕ್ಕೆ ತಿರುಗಿಸಿ ಹೇಳಿಸಬೇಡಿ. ಮುಕ್ಕಾಲು ಗಂಟೆಗೆ ನಿಲ್ಲಿಸಿ. ಹತ್ತು ಹದಿನೈದು ದಿನ ಬಿಟ್ಟು ಅದೇ ವಿಷಯ ಇನ್ನೊಮ್ಮೆ ಕೇಳಿ. ಎರಡು ಸಲವೂ ಬದಲಾಗದೆ ಬಂದದ್ದರ ಕೆಳಗೆ ಗೆರೆ ಎಳೆಯಿರಿ. ‘ಹಾಗಲ್ಲ ಅಮ್ಮಾ, ಹೀಗೆ’ ಎಂದು ನಡುವೆ ತಿದ್ದುವ ಮಗನನ್ನು ತೋಟಕ್ಕೆ ಕಳಿಸಿ. ನೀರುಪಾಲಾದ ಮಗುವಿನ ಮಾತು ಬಂದಾಗ ಮುಂದಿನ ಪ್ರಶ್ನೆ ಹಾಕಬೇಡಿ. ಅವರು ಮುಂದುವರಿಸಿದರೆ ಕೇಳಿ, ಸುಮ್ಮನಾದರೆ ಫೋನು ಆರಿಸಿ. ಯಾರಿಗೆಲ್ಲ ಕೇಳಿಸಬಹುದು ಎಂಬುದಕ್ಕೆ ಅವರ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಅದೇ ರೆಕಾರ್ಡಿಂಗಿನ ಕೊನೆಗೆ ಸೇರಿಸಿ, ಕಾಗದದ ಮೇಲೂ ಬರೆಸಿಕೊಳ್ಳಿ.

ಕೊಚ್ಚಿಹೋಗಿ ಹೆಣ ಸಿಗದವರದ್ದು ಬೇರೆಯೇ ಕಷ್ಟ. ಮರಣ ನೋಂದಣಿ ಆಗಿಲ್ಲ, ಆದ್ದರಿಂದ ವಂಶವೃಕ್ಷದ ಪ್ರಮಾಣಪತ್ರದಲ್ಲಿ ಅವರು ಇನ್ನೂ ಬದುಕಿದ್ದಾರೆ, ಖಾತೆ ಬದಲಾವಣೆ ಅಲ್ಲೇ ನಿಂತಿದೆ. ಏಳು ವರ್ಷ ಯಾವ ಸುದ್ದಿಯೂ ಇಲ್ಲದವರನ್ನು ಸತ್ತವರೆಂದು ಭಾವಿಸುವ ನಿಯಮ ಹಿಂದೆ ಸಾಕ್ಷ್ಯ ಕಾಯಿದೆಯ 108ನೇ ಕಲಮಿನಲ್ಲಿತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 111ರಲ್ಲಿದೆ. ಅದು ಸತ್ತಿದ್ದಾರೆ ಎಂದಷ್ಟೇ ಹೇಳುತ್ತದೆ, ಯಾವ ದಿನ ಎಂದು ಹೇಳುವುದಿಲ್ಲ. ದಿನಕ್ಕೆ ಬೇರೆ ಸಾಕ್ಷಿ ಬೇಕು, ಇಲ್ಲಿ ಪರಿಹಾರದ ಮಹಜರು ಕೆಲಸಕ್ಕೆ ಬರುತ್ತದೆ. ತಡವಾದ ನೋಂದಣಿಗೆ ಆದೇಶ ಕೊಡುವ ಅಧಿಕಾರ 2023ರ ತಿದ್ದುಪಡಿಯ ಮೇಲೆ ನ್ಯಾಯಾಲಯದಿಂದ ಜಿಲ್ಲಾ ಹಾಗೂ ಉಪವಿಭಾಗೀಯ ದಂಡಾಧಿಕಾರಿಗಳ ಹಂತಕ್ಕೆ ಬಂದಿದೆ. ಮಾನ್ಯರೇ, ಇಂಥ ಅರ್ಜಿಗೆ ‘ದಾಖಲೆ ಲಭ್ಯವಿಲ್ಲ’ ಎಂದು ಹಿಂಬರಹ ಕೊಡುವ ಮೊದಲು ಪರಿಹಾರದ ಕಟ್ಟು, ಶಾಲಾ ರಿಜಿಸ್ಟರ್, ಭೂನ್ಯಾಯ ಮಂಡಳಿಯ ಹೇಳಿಕೆ ಈ ಮೂರನ್ನೂ ನೋಡಲಾಗಿದೆಯೇ ಎಂದು ಕಡತದಲ್ಲಿ ಬರೆಸಿ. ಅದರೊಂದಿಗೆ, ಕೊಚ್ಚಿಹೋದವರು ಹುಟ್ಟಿದ ಕುಟುಂಬದ ಹಿರಿಯಳ ಹೇಳಿಕೆಯನ್ನು ಗ್ರಾಮ ಆಡಳಿತ ಅಧಿಕಾರಿ ಮನೆಗೇ ಹೋಗಿ ಪಡೆಯಲಿ. ಅವರನ್ನು ರಿಕ್ಷಾದಲ್ಲಿ ತಾಲೂಕು ಕಚೇರಿಗೆ ಕರೆಸಿ ಬೆಂಚಿನ ಮೇಲೆ ಕೂರಿಸುವುದು ಬೇಡ.

ಪಂಚಾಯತ್‌ಗಳಿಂದ ಬೇಕಾದದ್ದು ಕಡಿಮೆ. ಶಾಲೆ, ಅಂಗನವಾಡಿ, ಪಂಚಾಯತ್ ಕಟ್ಟಡದ ಗೋಡೆಯ ಮೇಲೆ 1923, 1974, 2019 ಎಂದು ಮೂರು ಗೆರೆಗಳು. 1923ಕ್ಕೆ ಕಂಡವರ ಸಾಕ್ಷಿ ಇಲ್ಲ, ಕೇಳಿದವರದ್ದು ಮಾತ್ರ. ಅದನ್ನು ಬೇರೆ ಬಣ್ಣದಲ್ಲಿ, ಅಂದಾಜು ಎಂದು ಬರೆದೇ ಹಾಕಿ. ಬಣ್ಣ ಬಳಿಯುವಾಗ ಗೆರೆಯ ಮೇಲೆಯೇ ಬಳಿದುಬಿಡುವುದು ವಾಡಿಕೆ, ಆದ್ದರಿಂದ ಕಲ್ಲಿನಲ್ಲಿ ಕೆತ್ತಿಸಿ ಅಥವಾ ಹಿತ್ತಾಳೆಯ ಪಟ್ಟಿ ಹೊಡೆಸಿ.

ಕೆಲಸ ಶುರು ಮಾಡಲು ಮಳೆಗಾಲ ಕಾಯಬೇಡಿ. ಆಟಿಯಲ್ಲಿ ನೀರು ಏರುವಾಗ ಯಾರಿಗೂ ಪುರುಸೊತ್ತಿರುವುದಿಲ್ಲ, ಅಜ್ಜಿಯರಿಗೆ ನಿದ್ದೆಯೂ ಇರುವುದಿಲ್ಲ. ಪುಯಿಂತೆಲ್‌ನಿಂದ ಸುಗ್ಗಿಯವರೆಗೆ (ತುಳು ತಿಂಗಳುಗಳು, ಜನವರಿ ನಡುವಿನಿಂದ ಏಪ್ರಿಲ್ ನಡುವಿನವರೆಗೆ) ನದಿ ತಗ್ಗಿದಾಗ ಹಳೆಯ ಮನೆಯ ಅಡಿಪಾಯ ಕಾಣುತ್ತದೆ, ರೆಕಾರ್ಡ್ ರೂಮಿನ ಕಟ್ಟುಗಳು ಒಣಗಿರುತ್ತವೆ. ತಾಲೂಕಿಗೆ ಒಬ್ಬ ಗುಮಾಸ್ತರು, ಪಂಚಾಯತಿಗೆ ಓದು ಬರಹ ಬಲ್ಲ ಇಬ್ಬರು ಹುಡುಗಿಯರು, ಒಂದು ಲೆವೆಲ್ ಟ್ಯೂಬು. ಪರಿಹಾರದ ಕಟ್ಟುಗಳಿಗೆ ತಡೆ ಹಾಕುವ ಸುತ್ತೋಲೆ ಮಾತ್ರ ಅದಕ್ಕೂ ಮೊದಲು, ಈ ವಾರವೇ ಹೊರಡಲಿ.

ಇಂತಿ,
ನದಿ ತೀರದ ಮನೆಗಳ ಕಾಗದಪತ್ರ ಜೋಡಿಸುವ ಕೆಲಸದಲ್ಲಿರುವವರು